ಅಡಿಕೆಯಲ್ಲ, ಎಲೆ

ಪುತ್ತೂರು ಕಡೆಯ ಸವಣೂರಿನ ಕೃಷ್ಣಮೋಹನ ಭಟ್ಟರಿಗೆ ಅರುವತ್ತೆರಡನೆಯ ವಯಸ್ಸಿನಲ್ಲಿ ಒಂದು ಸರ್ಟಿಫಿಕೇಟು ಬಂತು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತರೂ ಸಿಗದೇ ಹೋಗಿದ್ದ ‘ಉತ್ತಮ’ ಎಂಬ ಮಾತು ಈ ಕಾಗದದಲ್ಲಿ ಹಸಿರು ಅಕ್ಷರದಲ್ಲಿ ಅಚ್ಚಾಗಿತ್ತು. ಹೆಸರಿನ ಕೆಳಗೆ ಸ್ಕೂಟರಿನ ಮೀಟರಿನಂಥ ಒಂದು ಚಿತ್ರ. ಮುಳ್ಳು ಹಸಿರಿನ ಕಡೆಗೆ ವಾಲಿ ಮಲಗಿತ್ತು. ಅದರ ಕೆಳಗೆ ಬರೆದಿತ್ತು: ‘ಬಾಯಿ ಕ್ಯಾನ್ಸರಿನ ವಂಶವಾಹಿ ಅಪಾಯ: ಕಡಿಮೆ. ಫಲಿತಾಂಶ: ಉತ್ತಮ.’

ಭಟ್ಟರು ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿದರು. ಮೂರನೆಯ ಸಲ ಹೆಂಡತಿಗೆ ಕೇಳುವ ಹಾಗೆ ಓದಿದರು. ಆಮೇಲೆ ಎಲೆಯ ಹರಿವಾಣವನ್ನು ಹತ್ತಿರ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ನಾಲ್ಕು ಹೋಳು ಇಟ್ಟು, ಚೂರು ಹೊಗೆಸೊಪ್ಪು ಸೇರಿಸಿ ಮಡಚಿ ಬಾಯಿಗೆ ಹಾಕಿಕೊಂಡರು. ಹಾಕಿಕೊಂಡರು ಎನ್ನುವುದಕ್ಕಿಂತ ತುರುಕಿಕೊಂಡರು ಎಂದರೆ ಸರಿ. ಬಾಯಿ ಅಷ್ಟು ತೆರೆಯುತ್ತಿರಲಿಲ್ಲ.

“ಬುಧವಾರ ಮಂಗಳೂರಿಗೆ ಹೋಗ್ಲಿಕ್ಕೆ ಉಂಟಲ್ಲ,” ಎಂದಳು ಶಂಕರಿ.

“ಎಂತಕ್ಕೆ?”

“ಎಂತಕ್ಕೆ ಅಂದ್ರೆ? ಆ ಬಿಳಿ ಕಲೆಯಿಂದ ಚೂರು ತೆಗೆದು ನೋಡ್ಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ?”

“ಇದನ್ನು ಓದಿದ ಮೇಲೂ ಹೋಗುದಾ?” ಭಟ್ಟರು ಕಾಗದವನ್ನು ಎತ್ತಿ ಹಿಡಿದರು. “ಆ ಡಾಕ್ಟ್ರು ಟಾರ್ಚ್ ಹಾಕಿ ನೋಡಿದ್ದು ಮಾರಾಯ್ತಿ. ಇವರು ವಂಶವಾಹಿಯನ್ನು ಆರು ಲಕ್ಷ ಕಡೆ ನೋಡಿದ್ದಾರಂತೆ. ಟಾರ್ಚ್ ದೊಡ್ಡದಾ, ಆರು ಲಕ್ಷ ದೊಡ್ಡದಾ, ನೀನೇ ಹೇಳು.”

ಶಂಕರಿ ಗಂಡನ ಬಾಯಿಯನ್ನೇ ನೋಡಿದಳು. ಎರಡು ವರ್ಷದ ಹಿಂದೆ ಈ ಬಾಯಿಗೆ ಇಡೀ ಹಪ್ಪಳ ಹೋಗುತ್ತಿತ್ತು. ಈಗ ಹಪ್ಪಳವನ್ನು ಪುಡಿಮಾಡಿ ಅನ್ನದ ಮೇಲೆ ಉದುರಿಸಬೇಕು. ಸಾಂಬಾರು ಉರಿಯುತ್ತದೆ, ಉಪ್ಪಿನಕಾಯಿಯ ಹೆಸರೆತ್ತುವ ಹಾಗಿಲ್ಲ, ಮಜ್ಜಿಗೆ ಅನ್ನವೇ ಗತಿ. ಎಡಗೆನ್ನೆಯ ಒಳಗೆ ಹುಣಸೆ ಬೀಜದಷ್ಟು ಅಗಲದ ಬಿಳಿ ಕಲೆ ಕೂತಿದೆ. ಅದನ್ನು ಪುತ್ತೂರಿನ ಹಲ್ಲಿನ ಡಾಕ್ಟರಿಗೆ ತೋರಿಸಲು ಒಪ್ಪಿಸುವುದಕ್ಕೇ ಅವಳಿಗೆ ನಾಲ್ಕು ತಿಂಗಳು ಹಿಡಿದಿತ್ತು. ಅವರು ಮಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟಿದ್ದರು. ತಡ ಮಾಡಬೇಡಿ ಎಂದೂ ಹೇಳಿದ್ದರು. ಈಗ ನಾಲ್ಕು ತಿಂಗಳ ಶ್ರಮವನ್ನು ಒಂದು ಹಸಿರು ಮುಳ್ಳು ಅಡ್ಡ ಮಲಗಿಸಿತ್ತು.

ಗಂಡ ಮೂರ್ಖತನ ಮಾಡಿದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ಸರ್ಟಿಫಿಕೇಟಿನ ಹಿಂದೆ ಒಂದು ಫಾರಂ ಇತ್ತು, ಆ ಫಾರಮ್ಮಿನಲ್ಲಿ ಇದ್ದದ್ದು ಶಂಕರಿಯ ಕೈಬರಹ.

ಅದು ಆದದ್ದು ಹೀಗೆ. ಅಡಿಕೆ ತಿಂದರೆ ಬಾಯಿ ಕೆಡುತ್ತದೆ ಎಂದು ಪೇಪರಿನವರು, ಟಿವಿಯವರು, ಡಾಕ್ಟರುಗಳು ಹೇಳಿ ಹೇಳಿ ‘ಹಿಂಗಾರ ಬೆಳೆಗಾರರ ಕೂಟ’ದ ಅಧ್ಯಕ್ಷ ಮುರಳಿಕೃಷ್ಣರಿಗೆ ರೇಗಿ ಹೋಗಿತ್ತು. “ವಿಜ್ಞಾನದಿಂದ ಬೈದವರಿಗೆ ವಿಜ್ಞಾನದಿಂದಲೇ ಉತ್ತರ ಕೊಡುವ,” ಎಂದು ಅವರು ‘ವಂಶರೇಖಾ’ ಎಂಬ ಕಂಪೆನಿಯನ್ನು ಕರೆಸಿದರು. ಬಾಯಿ ಕ್ಯಾನ್ಸರು ಬರುವುದು ಅಡಿಕೆಯಿಂದಲೋ ಹುಟ್ಟಿನಿಂದಲೋ ಎಂದು ಆ ಕಂಪೆನಿ ಉಗುಳು ಪರೀಕ್ಷೆ ಮಾಡಿ ಹೇಳುವುದು ಎಂದಾಯಿತು. ಉತ್ತರ ಯಾವುದು ಬರಬೇಕು ಎಂಬುದನ್ನು ಕೂಟದವರು ಬಾಯಿಬಿಟ್ಟು ಹೇಳಲಿಲ್ಲ. ಊಟ ಹಾಕಿ ಕಳಿಸಿದರು, ಅಷ್ಟೇ.

ಮನೆಮನೆಗೆ ಹೋಗಲು ಊರಿನ ಹೆಂಗಸರು ಬೇಕಾಗಿತ್ತು. ಶಂಕರಿ ಎರಡು ಜನಗಣತಿ ಮಾಡಿ ಕೈ ಪಳಗಿದವಳು. ಅವಳ ಜೊತೆಗೆ ಸಿಕ್ಕಿದವಳು ಈಶ್ವರಮಂಗಲದ ನೆಬೀಸ. ಇಪ್ಪತ್ತು ವರ್ಷ ಹೊಲಿಗೆ ಕ್ಲಾಸು ನಡೆಸಿ, ಮೂರು ತಾಲೂಕಿನಲ್ಲಿ ಯಾರ ಅಳತೆ ಎಷ್ಟೆಂದು ಬಾಯಿಪಾಠ ಇದ್ದವಳು. ಇಬ್ಬರಿಗೂ ಪುತ್ತೂರಿನಲ್ಲಿ ಒಂದು ದಿನದ ತರಬೇತಿ ಆಯಿತು. ಕಲಿಸಿದವರು ಕಂಪೆನಿಯ ದೀಪಶ್ರೀ ಮೇಡಂ.

“ರೋಗ ಇದ್ದವರ ಉಗುಳು ಒಂದು ಕಡೆ, ಇಲ್ಲದವರ ಉಗುಳು ಇನ್ನೊಂದು ಕಡೆ,” ಎಂದು ಮೇಡಂ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. “ಇಬ್ಬರ ವಂಶವಾಹಿಯನ್ನೂ ಅಕ್ಷರ ಅಕ್ಷರವಾಗಿ ಹೋಲಿಸುತ್ತೇವೆ. ರೋಗಿಗಳಲ್ಲಿ ಯಾವ ಅಕ್ಷರ ಹೆಚ್ಚು ಕಾಣುತ್ತದೋ ಅದಕ್ಕೆ ಒಂದಿಷ್ಟು ಅಂಕ. ಒಬ್ಬೊಬ್ಬರ ಅಂಕ ಕೂಡಿಸಿದರೆ ಅವರ ಅಪಾಯ ಎಷ್ಟೆಂದು ಬರುತ್ತದೆ.”

“ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವ ಪಾಸು,” ಎಂದಳು ನೆಬೀಸ ಮೆಲ್ಲಗೆ. “ನಮ್ಮ ಮಗ ಹಕೀಮನಿಗೆ ಇಂಥ ಶಾಲೆ ಸಿಗ್ಬೇಕಿತ್ತು ಅಕ್ಕ.”

ಉಗುಳಿನ ಜೊತೆಗೆ ಒಂದು ಫಾರಂ ಕೂಡ ಇತ್ತು. ಅದರಲ್ಲಿ ಮೂವತ್ತು ಪ್ರಶ್ನೆ. ಅಚ್ಚಿನಲ್ಲಿ ಇದ್ದ ಹಾಗೆಯೇ ಓದಬೇಕು, ನಿಮ್ಮ ಮಾತು ಸೇರಿಸಬಾರದು, ವಿವರಿಸಿದರೆ ಉತ್ತರ ಕೆಡುತ್ತದೆ ಎಂದು ಮೇಡಂ ಮೂರು ಸಲ ಹೇಳಿದರು. ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ನೀವು ಅಡಿಕೆ ಅಗಿಯುತ್ತೀರಾ?’ ಮುಂದೆ ಎರಡು ಚೌಕ. ಒಂದು ಹೌದು, ಒಂದು ಇಲ್ಲ.

ಇನ್ನು ನಮ್ಮ ಕಡೆಯ ಸಂಗತಿ. ಪುತ್ತೂರಿನಿಂದ ಸುಳ್ಯದವರೆಗೆ, ಸುಳ್ಯದಿಂದ ಕಡಬದವರೆಗೆ ಹುಡುಕಿದರೂ ಅಡಿಕೆ ಅಗಿಯುವವರು ಒಬ್ಬರೂ ಸಿಗುವುದಿಲ್ಲ. ಅಡಿಕೆಯನ್ನು ಒಣಗಿಸುತ್ತಾರೆ, ಸುಲಿಯುತ್ತಾರೆ, ಗೋಣಿಗೆ ತುಂಬುತ್ತಾರೆ, ರೇಟು ಬಿತ್ತೆಂದು ಎದೆ ಹಿಡಿದುಕೊಳ್ಳುತ್ತಾರೆ. ತಿನ್ನುವುದು ಮಾತ್ರ ಎಲೆ. ಬಂದವರಿಗೆ ‘ಒಂದು ಎಲೆ ತಿಂದು ಹೋಗಿ’ ಎನ್ನುತ್ತಾರೆ. ಊಟ ಆದ ಮೇಲೆ ‘ಎಲೆ ಎಲ್ಲಿ’ ಎಂದು ಕೇಳುತ್ತಾರೆ. ಆ ಎಲೆಯೊಳಗೆ ಅಡಿಕೆಯ ಹೋಳು ಇರುತ್ತದೆ, ನಿಜ. ಚಹಾದಲ್ಲಿ ಸಕ್ಕರೆಯೂ ಇರುತ್ತದೆ. ಹಾಗೆಂದು ಯಾರಾದರೂ ಸಕ್ಕರೆ ಕುಡಿದು ಬಂದೆ ಎನ್ನುತ್ತಾರೆಯೇ?

ಮೊದಲನೆಯ ದಿನವೇ ಈಶ್ವರಮಂಗಲದಲ್ಲಿ ಅಹ್ಮದ್ ಕುಂಞಿಯವರ ಮನೆ. ಅವರಿಗೆ ಆಪರೇಷನ್ ಆಗಿ ಬಲದವಡೆಯ ಅರ್ಧ ಇಲ್ಲ. ಮಾತು ಒಂದು ಬದಿಯಿಂದ ಜಾರುತ್ತಿತ್ತು.

“ನೀವು ಅಡಿಕೆ ಅಗಿಯುತ್ತೀರಾ?” ಎಂದು ಶಂಕರಿ ಅಚ್ಚಿನಂತೆ ಓದಿದಳು.

“ಅಡಿಕೆಯಾ? ಇಲ್ಲಪ್ಪ. ಅಡಿಕೆ ನಾನು ಮಾರಿದ್ದು ಮಾತ್ರ. ತಿಂತಾ ಇದ್ದದ್ದು ಎಲೆ. ನಲ್ವತ್ತು ವರ್ಷ ತಿಂದೆ. ಆಪರೇಷನ್ ಆದ ಮೇಲೆ ಡಾಕ್ಟ್ರು ಬಿಡಿಸಿದ್ರು.”

ಶಂಕರಿಯ ಪೆನ್ನು ಎರಡು ಚೌಕದ ನಡುವೆ ನಿಂತುಬಿಟ್ಟಿತು. “ಎಲೆ ಅಂತ ಬರೀಲಿಕ್ಕೆ ಜಾಗ ಉಂಟಾ ಅಕ್ಕ?” ಎಂದು ನೆಬೀಸ ಇಣುಕಿದಳು. ಇರಲಿಲ್ಲ. ಅಂಗಳಕ್ಕೆ ಬಂದು ಮೇಡಂಗೆ ಫೋನ್ ಮಾಡಿದರು. “ಕೇಳಿದ್ದಕ್ಕೆ ಅವರು ಏನೆಂದರು?” ಎಂದರು ಮೇಡಂ. “ಇಲ್ಲ ಅಂದ್ರು.” “ಹಾಗಾದರೆ ಇಲ್ಲ ಅಂತ ಹಾಕಿ. ನೀವು ಯೋಚನೆ ಮಾಡಬೇಡಿ, ಯೋಚನೆ ಇಲ್ಲಿ ನಾವು ಮಾಡುತ್ತೇವೆ.”

ಶಂಕರಿ ಇಲ್ಲ ಎಂದು ಹಾಕಿದಳು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲಿಯೂ ಅದನ್ನೇ ಹಾಕಿದಳು.

ರೋಗಿಗಳ ಉಗುಳು ಈಶ್ವರಮಂಗಲದ ಗಡಿ ಬದಿಯಲ್ಲೇ ಬೇಗ ಸಿಕ್ಕಿತು. ಅಲ್ಲಿ ಆಪರೇಷನ್ ಆದವರ ಪಟ್ಟಿಯೊಂದು ಮೊದಲೇ ಇತ್ತು. ರೋಗ ಇಲ್ಲದವರನ್ನು ಹುಡುಕುವುದೇ ಕಷ್ಟವಾಯಿತು. ಆರಾಮ ಇದ್ದವನಿಗೆ ಟ್ಯೂಬು ಕೊಟ್ಟು ಉಗುಳು ಎಂದರೆ ಅವನು ನಿಮ್ಮನ್ನೇ ಮೇಲೆ ಕೆಳಗೆ ನೋಡುತ್ತಾನೆ. ತಿಂಗಳ ಕೊನೆ ಬಂದಾಗ ಭಟ್ಟರೇ ದಾರಿ ತೋರಿಸಿದರು. ಅವರ ಅಮ್ಮನ ತವರು ಐವರ್ನಾಡು. ಅಲ್ಲಿ ಸೋದರಮಾವನ ಮಗ ಹೊಸ ಮನೆ ಕಟ್ಟಿ ಗೃಹಪ್ರವೇಶದ ಒಕ್ಕಲು ಇಟ್ಟುಕೊಂಡಿದ್ದ. ಊಟಕ್ಕೆ ಬಂದವರನ್ನೆಲ್ಲ ಒಂದೇ ದಿನ ಉಗುಳಿಸಬಹುದು! ದೀಪಶ್ರೀ ಮೇಡಂ ಖುಷಿಯಿಂದ ಒಂದು ಪೆಟ್ಟಿಗೆ ಟ್ಯೂಬು ಹೆಚ್ಚಿಗೆ ಕಳಿಸಿದರು.

ಉಗುಳುವ ಮೊದಲು ಅರ್ಧ ಗಂಟೆ ಬಾಯಿಯಲ್ಲಿ ಏನೂ ಇರಬಾರದು ಎಂಬ ನಿಯಮ. ಹೋಳಿಗೆ ಊಟ ಮುಗಿಸಿದ ನೂರ ನಲ್ವತ್ತು ಜನ ಎಲೆಯ ಹರಿವಾಣದ ಸುತ್ತ ಕೈಕಟ್ಟಿ ಕುಳಿತು ಗಡಿಯಾರ ನೋಡುತ್ತಿದ್ದರು. ಏಕಾದಶಿಯ ದಿನವೂ ಅವರ ಮುಖದಲ್ಲಿ ಅಷ್ಟು ಭಕ್ತಿ ಕಂಡಿರಲಿಕ್ಕಿಲ್ಲ. ಅರ್ಧ ಗಂಟೆಯಾದದ್ದೇ ಉಗುಳಿದರು. ಅಡಿಕೆ ಅಗಿಯುವುದಿಲ್ಲ ಎಂದು ಹೇಳಿ ಫಾರಮ್ಮಿಗೆ ಸಹಿ ಹಾಕಿದರು. ಸಹಿ ಒಣಗುವ ಮೊದಲೇ ಹರಿವಾಣಕ್ಕೆ ಕೈ ಹಾಕಿದರು. ಸಾಲಿನಲ್ಲಿ ಕೃಷ್ಣಮೋಹನ ಭಟ್ಟರೂ ಇದ್ದರು.

“ನೀವು ಅಡಿಕೆ ಅಗಿಯುತ್ತೀರಾ?” ಎಂದು ಶಂಕರಿ ಸ್ವಂತ ಗಂಡನನ್ನು ಕೇಳಿದಳು.

“ಹುಚ್ಚಾ ನನಗೆ? ಈ ರೇಟಿರುವಾಗ ಅಗಿದು ಹಾಳು ಮಾಡುದಾ?”

ಸುತ್ತ ಇದ್ದವರು ನಕ್ಕರು. ಶಂಕರಿಯೂ ನಕ್ಕಳು. ಮದುವೆಯಾದ ಮೂವತ್ತನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅಡಕತ್ತರಿ ಹಿಡಿದು ಅವರಿಗೆ ಹೋಳು ಕತ್ತರಿಸಿ ಕೊಡುತ್ತಿದ್ದ ಕೈಯಿಂದಲೇ ‘ಇಲ್ಲ’ದ ಚೌಕಕ್ಕೆ ಗೀಟು ಎಳೆದಳು.

ಸರ್ಟಿಫಿಕೇಟು ಬಂದ ಮರುದಿನ ನೆಬೀಸಳ ಫೋನ್ ಬಂತು.

“ಅಕ್ಕ, ತರಬೇತಿಯ ದಿನ ನಾನೂ ಉಗುಳಿ ಕೊಟ್ಟಿದ್ದೆನಲ್ಲ, ನನ್ನ ಮುಳ್ಳು ಕೆಂಪಿಗೆ ಹೋಗಿ ಕೂತಿದೆ. ಅಪಾಯ ಹೆಚ್ಚು ಅಂತೆ.”

“ನಿನಗಾ? ನೀನು ಎಲೆಯನ್ನೇ ಮುಟ್ಟಿದವಳಲ್ಲ!”

“ಅದೇ ಹೇಳುದು. ನಮ್ಮದೂ ನೋಡಿ ಅಂತ ಉಗುಳಿ ಕೊಟ್ಟ ನೆರೆಮನೆಯ ಕುಂಞಿ ಮೋನುವಿಗೂ ಕೆಂಪು, ಝುಬೈದಾಳಿಗೂ ಕೆಂಪು. ನಮ್ಮ ಬದಿಗೆ ಬಂದದ್ದೆಲ್ಲ ಕೆಂಪೇ. ಭಟ್ರಿಗೆ ಎಂತ ಬಂತು?”

“ಹಸಿರು.”

“ದಿನಕ್ಕೆ ಇಪ್ಪತ್ತು ಎಲೆ ತಿನ್ನುವವರಿಗೆ ಹಸಿರಾ? ಐವರ್ನಾಡಿನವರಿಗೆ ಒಮ್ಮೆ ಕೇಳಿ ನೋಡಿ.”

ಶಂಕರಿ ನಾಲ್ಕು ಮನೆಗೆ ಫೋನ್ ಮಾಡಿದಳು. ನಾಲ್ಕೂ ಕಡೆ ಹಸಿರು. ಸಂತೋಷಕ್ಕೆ ಒಬ್ಬ ಭಾವ ಅದನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದನಂತೆ. ಇದನ್ನೆಲ್ಲ ನೆಬೀಸಳಿಗೆ ಮತ್ತೆ ಫೋನ್ ಮಾಡಿ ಹೇಳಿದಳು.

“ಹಾಗಾದ್ರೆ ಈ ಯಂತ್ರ ರೋಗ ನೋಡಿದ್ದಲ್ಲ ಅಕ್ಕ,” ಎಂದಳು ನೆಬೀಸ. “ಬಸ್ಸಿನ ಬೋರ್ಡ್ ಓದಿದ್ದು. ಈಶ್ವರಮಂಗಲದ ಬಸ್ಸು ಕೆಂಪು, ಐವರ್ನಾಡಿನ ಬಸ್ಸು ಹಸಿರು.”

ಇಬ್ಬರೂ ಸೇರಿ ಪುತ್ತೂರಿನ ಆಫೀಸಿಗೆ ಹೋದರು. ದೀಪಶ್ರೀ ಮೇಡಂ ಇರಲಿಲ್ಲ. ಲೆಕ್ಕ ಹಾಕುವ ಶ್ರೀಶ ಇದ್ದ. ಸುಳ್ಯದವನು, ದೊಡ್ಡ ಕನ್ನಡಕ, ಎದುರಿನವರ ಮುಖ ನೋಡಿ ಮಾತಾಡಲು ಅಷ್ಟು ಧೈರ್ಯ ಇಲ್ಲದವನು. ಹದಿನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಲೆಕ್ಕಕ್ಕೆ ಹಿಡಿದದ್ದು ಹೇಗೆ ಎಂದು ಶಂಕರಿ ಕೇಳಿದಳು.

“ಹಿಡಿದಿಲ್ಲ ಮೇಡಂ. ಎಲ್ಲರೂ ಇಲ್ಲ ಅಂದಿದ್ರು. ಎಲ್ಲರದ್ದೂ ಒಂದೇ ಉತ್ತರ ಆದ್ರೆ ಅದರಿಂದ ಎಂತದೂ ಗೊತ್ತಾಗುದಿಲ್ಲ. ಆ ಕಾಲಮ್ಮನ್ನೇ ತೆಗೆದೆವು.”

“ಅಡಿಕೆಯ ಊರಿನಲ್ಲಿ ಅಡಿಕೆಯ ಕಾಲಮ್ಮನ್ನೇ ತೆಗೆದ್ರಾ?” ಎಂದಳು ನೆಬೀಸ. “ಇನ್ನು ಉಳಿದದ್ದು ಎಂತ, ಅಂಗಿಯ ಅಳತೆಯಾ?”

ಎಲೆಯ ಕಥೆಯನ್ನು ಶಂಕರಿ ನಿಧಾನಕ್ಕೆ ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಶ್ರೀಶನ ಮುಖ ಸಣ್ಣದಾಯಿತು. ಅವನ ಅಜ್ಜನೂ ಎಲೆಯನ್ನೇ ತಿನ್ನುತ್ತಿದ್ದುದು ಅವನಿಗೆ ಈಗ ನೆನಪಾಯಿತೋ ಏನೋ. ಕಂಪ್ಯೂಟರಿನಲ್ಲಿ ಪಟ್ಟಿ ತೆರೆದು, “ಈ ಐವರ್ನಾಡಿನ ನೂರ ನಲ್ವತ್ತು ಜನ ಬೇರೆ ಬೇರೆ ಮನೆಯವರಲ್ವಾ?” ಎಂದು ಕೇಳಿದ.

“ಬೇರೆ ಬೇರೆ ಮನೆಯವರೇ. ಎಲ್ಲ ನನ್ನ ಅತ್ತೆಯ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು.”

ಶ್ರೀಶ ಚಹಾದ ಲೋಟ ಕೆಳಗಿಟ್ಟ. ರೋಗಿಗಳು ಒಂದು ಬದಿಯವರು, ಆರಾಮ ಇದ್ದವರು ಇನ್ನೊಂದು ಬದಿಯ ಒಂದೇ ಕುಟುಂಬದವರು. ಇವರಿಬ್ಬರನ್ನು ಹೋಲಿಸಿದರೆ ಸಾವಿರ ಕಡೆ ವ್ಯತ್ಯಾಸ ಸಿಗುತ್ತದೆ. ಆದರೆ ಅದು ರೋಗದ ವ್ಯತ್ಯಾಸವಲ್ಲ, ಅಜ್ಜ ಅಜ್ಜಿಯರ ವ್ಯತ್ಯಾಸ. ಭಟ್ಟರ ಮುಳ್ಳು ಹಸಿರಿಗೆ ಹೋದದ್ದು ಅವರ ಬಾಯಿ ಗಟ್ಟಿ ಇದ್ದುದರಿಂದ ಅಲ್ಲ, ಅವರ ಉಗುಳು ಸೋದರಮಾವನ ಮಕ್ಕಳ ಉಗುಳಿನ ಹಾಗೆ ಇದ್ದುದರಿಂದ. ಇಷ್ಟನ್ನು ಅವನು ನೆಲ ನೋಡಿಕೊಂಡು ಹೇಳಿದ.

“ನೆಂಟರನ್ನು ಬದಿಗೆ ತೆಗೆಯುವ ಒಂದು ಹಂತ ಉಂಟು ಮೇಡಂ. ಅದನ್ನು ಮಾಡಿದ್ರೆ ನೂರ ನಲ್ವತ್ತರಲ್ಲಿ ಹನ್ನೆರಡು ಜನ ಉಳೀತಿದ್ರು. ಹನ್ನೆರಡು ಜನರಲ್ಲಿ ಅಧ್ಯಯನ ಆಗುದಿಲ್ಲ. ಅಷ್ಟೊತ್ತಿಗೆ ಕೂಟದವರು ಫಲಿತಾಂಶ ಘೋಷಿಸುವ ಭಾನುವಾರದ ಕಾರ್ಯಕ್ರಮದ ಆಮಂತ್ರಣ ಅಚ್ಚಾಗಿತ್ತು.”

“ಅದು ನಿಮ್ಮ ಕಷ್ಟ,” ಎಂದಳು ಶಂಕರಿ. “ನನ್ನದು ಬೇರೆ. ನನ್ನ ಯಜಮಾನ್ರ ಬಾಯಿ ಮುಚ್ಚಿಕೊಂಡು ಬರ್ತಾ ಉಂಟು. ಈ ಕಾಗದ ಕೈಯಲ್ಲಿ ಇರುವ ವರೆಗೆ ಅವರು ಆಸ್ಪತ್ರೆಗೆ ಹೋಗುದಿಲ್ಲ. ಇದು ತಪ್ಪು ಅಂತ ಇನ್ನೊಂದು ಕಾಗದ ಕೊಡಿ.”

“ಬರೆದು ಕೊಡ್ಲಿಕ್ಕೆ ನನಗೆ ಅಧಿಕಾರ ಇಲ್ಲ.”

“ಬಾಯಲ್ಲಿ ಹೇಳ್ಲಿಕ್ಕೆ?”

ಶ್ರೀಶ ಕಂಪ್ಯೂಟರಿನ ಪಟ್ಟಿಯನ್ನು ಮುಚ್ಚಿದ. ಲೋಟದಲ್ಲಿ ಚಹಾ ತಣ್ಣಗಾಗುತ್ತಿತ್ತು.

ಮನೆಗೆ ಬಂದು ಶಂಕರಿ ಎಲ್ಲವನ್ನೂ ಗಂಡನಿಗೆ ಒಪ್ಪಿಸಿದಳು. ಭಟ್ಟರು ತಾಳ್ಮೆಯಿಂದ ಕೇಳಿ, “ಇದನ್ನು ಕಂಪೆನಿ ಹೇಳಿದ್ದಾ, ಆ ಹುಡುಗ ಹೇಳಿದ್ದಾ?” ಎಂದರು. ಹುಡುಗ ಎಂದಾಗ, “ಸೀಲು ಉಂಟಾ? ಇಲ್ಲ ಅಲ್ವಾ? ಇದರಲ್ಲಿ ಉಂಟು ನೋಡು,” ಎಂದು ಕಾಗದದ ಮೂಲೆಯ ನೀಲಿ ವೃತ್ತವನ್ನು ತೋರಿಸಿದರು. ಅದನ್ನು ಅವರು ಆಗಲೇ ಲ್ಯಾಮಿನೇಷನ್ ಮಾಡಿಸಿ ಆಗಿತ್ತು.

ಈ ನಡುವೆ ಒಂದು ತಮಾಷೆ ನಡೆದಿತ್ತು. ಈಶ್ವರಮಂಗಲದಲ್ಲಿ ಕೆಂಪು ಬಂದವರು ಹೆದರಿಕೊಂಡು ಎಲೆ ಬಿಡತೊಡಗಿದ್ದರು. ಐವರ್ನಾಡಿನಲ್ಲಿ ಹಸಿರು ಬಂದವರು ಖುಷಿಗೆ ದಿನಕ್ಕೆರಡು ಹೆಚ್ಚು ತಿನ್ನತೊಡಗಿದ್ದರು. ಹಾಗೆ ನೋಡಿದರೆ ಆ ಪರೀಕ್ಷೆಯಿಂದ ಆರೋಗ್ಯ ಸುಧಾರಿಸಿದ್ದು ಅದು ಯಾರನ್ನು ರೋಗಿಗಳೆಂದಿತೋ ಅವರದ್ದೇ.

ಭಾನುವಾರ ಸವಣೂರಿನ ಸಭಾಭವನದಲ್ಲಿ ಮುನ್ನೂರು ಜನ. ವೇದಿಕೆಯ ಹಿಂದೆ ಬ್ಯಾನರು: ‘ಅಡಿಕೆ ನಿರಪರಾಧಿ: ವಿಜ್ಞಾನದ ತೀರ್ಪು’. ಬಾಗಿಲಲ್ಲಿ ಸ್ವಾಗತಕ್ಕೆ ಪನ್ನೀರು, ಕಲ್ಲುಸಕ್ಕರೆ, ಮತ್ತೆ ದೊಡ್ಡ ಹರಿವಾಣದಲ್ಲಿ ಎಲೆ. ಮುರಳಿಕೃಷ್ಣರು ಮುಕ್ಕಾಲು ಗಂಟೆ ಮಾತಾಡಿದರು. ಅಡಿಕೆ ದೇವರ ಪೂಜೆಗೆ ಬೇಕು, ಮದುವೆಗೆ ಬೇಕು, ಸತ್ತವರಿಗೂ ಬೇಕು, ಇಷ್ಟೆಲ್ಲ ಬೇಕಾದದ್ದು ಕೆಟ್ಟದ್ದಾಗಲು ಹೇಗೆ ಸಾಧ್ಯ ಎಂದು ಕೇಳಿದರು. ಯಾರೂ ಉತ್ತರ ಹೇಳದ ಕಾರಣ ಗೆದ್ದೆವೆಂದು ತಿಳಿದುಕೊಂಡರು.

ಆಮೇಲೆ ಶ್ರೀಶ ಪರದೆಯ ಮೇಲೆ ಚುಕ್ಕಿಗಳ ಚಿತ್ರ ತೋರಿಸಿ, ಯಾರಿಗೂ ಕೇಳದ ದನಿಯಲ್ಲಿ, “ಇಲ್ಲಿ ಪಿ ವ್ಯಾಲ್ಯೂ ತುಂಬಾ ಕಡಿಮೆ ಉಂಟು,” ಎಂದ. ಸಭೆಯಲ್ಲಿ ಅಯ್ಯೋ ಎಂಬ ಉದ್ಗಾರ ಎದ್ದಿತು. “ಯಾವಾಗ ಇಳಿದದ್ದು?” ಎಂದು ಯಾರೋ ಎದ್ದು ನಿಂತು ಕೇಳಿದರು. ಇದು ಅಡಿಕೆಯ ವ್ಯಾಲ್ಯೂ ಅಲ್ಲ, ಫಲಿತಾಂಶ ಸುಮ್ಮನೆ ಅದೃಷ್ಟದಿಂದ ಬಂದಿರುವ ಸಂಭವ ಕಡಿಮೆ ಎಂದು ಅರ್ಥ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ತಿಳಿಸಿ ಹೇಳಲು ಐದು ನಿಮಿಷ ಹಿಡಿಯಿತು. ವ್ಯಾಲ್ಯೂ ಇಳಿದರೆ ಒಳ್ಳೆಯದು ಎಂಬ ಮಾತನ್ನು ಬೆಳೆಗಾರರು ಪೂರ್ತಿ ನಂಬಲಿಲ್ಲ.

ಕೊನೆಗೆ ಸನ್ಮಾನ. ಎಲ್ಲರಿಗಿಂತ ಕಡಿಮೆ ಅಂಕ ಬಂದವರು ಕೃಷ್ಣಮೋಹನ ಭಟ್ಟರು. ಶಾಲು ಹೊದೆಸಿದರು, ಪೇಟ ಇಟ್ಟರು, ಹಾರ ಹಾಕಿದರು. “ಒಂದು ಲಾಡು ತಿನ್ನಿಸುವ ಫೋಟೋ ಬೇಕು,” ಎಂದ ಫೋಟೋದವನು. ಮುರಳಿಕೃಷ್ಣರು ಲಿಂಬೆಹಣ್ಣಿನಷ್ಟು ದೊಡ್ಡ ಲಾಡನ್ನು ಭಟ್ಟರ ಬಾಯಿಯ ಹತ್ತಿರ ಹಿಡಿದರು.

“ಬಾಯಿ ತೆರೀರಿ ಭಟ್ರೆ.”

ಭಟ್ಟರು ತೆರೆದರು.

“ಇನ್ನೂ ಚೂರು.”

ಇನ್ನು ತೆರೆಯಲು ಇರಲಿಲ್ಲ. ಅಧ್ಯಕ್ಷರು ಉತ್ಸಾಹದಲ್ಲಿ ಒತ್ತಿದರು. ಲಾಡು ತುಟಿಗೆ ತಾಗಿ ಒಡೆದು ಶಾಲಿನ ಮೇಲೆ ಉದುರಿತು. “ಸಂತೋಷಕ್ಕೆ ಬಾಯಿಯೇ ಬರ್ತಾ ಇಲ್ಲ ಇವರಿಗೆ!” ಎಂದು ಮುರಳಿಕೃಷ್ಣರು ಮೈಕಿನಲ್ಲಿ ಹೇಳಿದರು. ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿ ಕುಳಿತ ಶಂಕರಿಗೆ ಮಾತ್ರ ಗಂಡನ ಕಣ್ಣಿನ ಮೂಲೆಯಲ್ಲಿ ನೀರು ಕಂಡಿತು. ಅದು ಸಂತೋಷದ್ದಲ್ಲ. ತುಟಿಯ ಸಂದು ಹರಿದಿತ್ತು.

ಅವಳು ಎದ್ದಳು. ಅಚ್ಚಾದದ್ದನ್ನು ಮಾತ್ರ ಓದಿ ಅಭ್ಯಾಸವಾದವಳು ವೇದಿಕೆಯ ಹತ್ತಿರ ಹೋಗಿ ಮೈಕು ಕೇಳಿ ತೆಗೆದುಕೊಂಡಳು.

“ಒಂದು ಪ್ರಶ್ನೆ ಉಂಟು. ನಾನು ನಿಮ್ಮನ್ನೆಲ್ಲ ತಪ್ಪಾಗಿ ಕೇಳಿದ್ದು. ಈಗ ಸರಿಯಾಗಿ ಕೇಳ್ತೇನೆ. ಇಲ್ಲಿ ಎಲೆ ತಿನ್ನುವವರು ಯಾರ್ಯಾರು?”

ಕೈಗಳು ಎದ್ದವು. ಸಂಕೋಚ ಏನಿಲ್ಲ, ಊಟಕ್ಕೆ ಎಷ್ಟು ಜನ ಎಂದು ಕೇಳಿದಾಗ ಎತ್ತುವ ಹಾಗೆ ಎತ್ತಿದರು. ವೇದಿಕೆಯ ಮೇಲೂ ಮೂರು ಎದ್ದವು.

“ಎಲೆಯೊಳಗೆ ಎಂತ ಹಾಕುದು?”

“ಸುಣ್ಣ,” ಎಂದಿತು ಹಿಂದಿನ ಸಾಲು.

“ಮತ್ತೆ?”

“ಹೊಗೆಸೊಪ್ಪು.”

“ಮತ್ತೆ?”

ಮುನ್ನೂರು ಜನ ಅಡಿಕೆ ಬೆಳೆಗಾರರಿಗೆ ಅಡಿಕೆ ಎಂಬ ಶಬ್ದ ನೆನಪಿಗೇ ಬರಲಿಲ್ಲ. ಕೊನೆಗೆ ಅಡಿಕೆ ವ್ಯಾಪಾರದ ಅದ್ರಾಮರು ಕುರ್ಚಿಯಲ್ಲೇ ತಿರುಗಿ ಕೂತು, “ಹೇಳಿ ಮಾರಾಯ್ರೆ! ಇವತ್ತು ರೇಟು ಎಷ್ಟು ಅಂತ ನನಗೆ ದಿನಾ ಫೋನ್ ಮಾಡಿ ಕೇಳ್ತೀರಲ್ಲ, ಅದೇ!” ಎಂದರು.

ನಗು ಎದ್ದಿತು, ಆದರೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ. ಆಗ ಶ್ರೀಶ ಎದ್ದ. ಯಾರೂ ಕರೆಯದೆ ಮೈಕಿನ ಹತ್ತಿರ ಬಂದ.

“ಮೇಡಂ ಹೇಳಿದ್ದು ಸರಿ,” ಎಂದ. ಈ ಸಲ ದನಿ ಕೇಳಿಸಿತು. “ಪ್ರಶ್ನೆ ತಪ್ಪಿತ್ತು. ನೆಂಟರನ್ನು ಬದಿಗೆ ತೆಗೆದದ್ದೂ ಇಲ್ಲ. ಈ ಅಂಕದಿಂದ ರೋಗದ ವಿಷಯ ಎಂತದೂ ಗೊತ್ತಾಗುದಿಲ್ಲ. ಗೊತ್ತಾಗುದು ಒಂದೇ, ಕೃಷ್ಣಮೋಹನ ಭಟ್ಟರು ಐವರ್ನಾಡಿನ ನೂರ ನಲ್ವತ್ತು ಜನರಿಗೆ ಸಂಬಂಧಿಕರು ಅಂತ.”

“ಅದು ನಮಗೆ ಉಗುಳದೆಯೂ ಗೊತ್ತಿತ್ತಲ್ಲ!” ಎಂದು ಹಿಂದಿನಿಂದ ಒಬ್ಬ ಕೂಗಿದ.

ದೀಪಶ್ರೀ ಮೇಡಂ ಮೊಬೈಲು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಆದರೆ ಮುರಳಿಕೃಷ್ಣರು ಮೂರು ಅವಧಿಗೆ ಅವಿರೋಧವಾಗಿ ಆಯ್ಕೆಯಾದವರು, ಸುಮ್ಮನೆ ಅಲ್ಲ. ಅರ್ಧ ನಿಮಿಷದಲ್ಲಿ ದಾರಿ ಕಂಡುಕೊಂಡರು.

“ಬಂಧುಗಳೇ, ಶಂಕರಿ ಅಕ್ಕ ನಮ್ಮ ಕಣ್ಣು ತೆರೆಸಿದ್ರು. ನಾವು ತಿನ್ನುದು ಎಲೆ. ರೋಗ ಬರುದು ಎಲೆ ತಿನ್ನುವವರಿಗೆ. ಅಂದ ಮೇಲೆ ತಪ್ಪು ಯಾರದ್ದು? ಎಲೆಯದ್ದು! ಎಲೆಯ ಮೇಲೆ ಕೂಡಲೇ ತನಿಖೆ ಆಗ್ಬೇಕು ಅಂತ ಈ ಸಭೆ ನಿರ್ಣಯ ಮಾಡ್ತದೆ.”

ಕೂಟದಲ್ಲಿ ವೀಳ್ಯದೆಲೆ ಬೆಳೆಯುವವರು ಒಬ್ಬರೂ ಸದಸ್ಯರಿರಲಿಲ್ಲ. ನಿರ್ಣಯ ಚಪ್ಪಾಳೆಯೊಂದಿಗೆ ಪಾಸಾಯಿತು. ಮುನ್ನೂರು ಜನ ಊಟ ಮಾಡಿ, ಆರೋಪಿಯನ್ನು ಒಂದೊಂದು ಮಡಚಿ ಬಾಯಿಗೆ ಹಾಕಿಕೊಂಡು ಮನೆಗೆ ಹೋದರು.

ಭಟ್ಟರು ಮನೆಗೆ ಬಂದು ಶಾಲು ಕೊಡವಿದರು. ಲಾಡಿನ ಪುಡಿ ನೆಲಕ್ಕೆ ಬಿತ್ತು.

“ಊರಿನ ಎದುರು ಮರ್ಯಾದೆ ತೆಗೆದೆ,” ಎಂದರು.

“ತೆಗೆದೆ,” ಎಂದಳು ಶಂಕರಿ. “ಕತ್ತರಿಸಿ ಕೊಟ್ಟವಳೂ ನಾನೇ, ಇಲ್ಲ ಅಂತ ಬರೆದವಳೂ ನಾನೇ. ಎರಡೂ ತಪ್ಪು. ನಾಳೆಯಿಂದ ಕತ್ತರಿಸುದಿಲ್ಲ. ಬೇಕಾದ್ರೆ ನೀವೇ ಕತ್ತರಿಸಿಕೊಳ್ಳಿ.”

“ಕಂಪೆನಿ ತಪ್ಪು ಮಾಡಿತು ಅಂದ್ರೆ ನನಗೆ ರೋಗ ಉಂಟು ಅಂತ ಆಯ್ತಾ?”

“ಇಲ್ಲ. ಉಂಟಾ ಇಲ್ವಾ ಅಂತ ಇನ್ನೂ ಯಾರೂ ನೋಡಿಲ್ಲ ಅಂತ ಆಯ್ತು. ಸರಿ ಇರುವ ಬಾಯಿಗೆ ಮೂರು ಬೆರಳು ಹೋಗ್ತದಂತೆ, ಒಟ್ಟಿಗೆ ಒಳಗೆ ಇಡಿ. ಆಗ್ತದಾ ನೋಡುವ.”

ಭಟ್ಟರು ಗೋಡೆಯ ಕಡೆ ತಿರುಗಿ ಪ್ರಯತ್ನಿಸಿದರು. ಮೂರು ಹೋಗಲಿಲ್ಲ. ಎರಡು ಇಟ್ಟರು. ಮೊದಲ ಗಂಟಿನ ಹತ್ತಿರ ಹಲ್ಲು ತಾಗಿತು. ಇನ್ನಷ್ಟು ಒತ್ತಲು ಹೋಗಿ ತುಟಿಯ ಸಂದಿನಿಂದ ಮತ್ತೆ ರಕ್ತ ಬಂತು. ಬೆರಳನ್ನು ಹೊರಗೆ ತೆಗೆದು ಸ್ವಲ್ಪ ಹೊತ್ತು ನೋಡಿದರು, ಬೇರೆ ಯಾರದ್ದೋ ಕೈಯನ್ನು ನೋಡಿದ ಹಾಗೆ.

“ಬುಧವಾರ ಎಷ್ಟು ಗಂಟೆಗೆ ಬಸ್ಸು?” ಎಂದರು, ತಿರುಗದೆ.

ಚೂರು ತೆಗೆದು ಪರೀಕ್ಷೆಗೆ ಕೊಟ್ಟು ಹತ್ತು ದಿನಕ್ಕೆ ರಿಪೋರ್ಟು ಬಂತು. ಮಂಗಳೂರಿನ ಡಾಕ್ಟರು ಹೆಂಗಸು, ಮಾತು ಕಡಿಮೆ. “ಕ್ಯಾನ್ಸರ್ ಆಗಿಲ್ಲ. ಆದರೆ ಅದೇ ದಾರಿಯಲ್ಲಿ ಇದೆ. ಕಲೆಯನ್ನು ತೆಗೆಯುತ್ತೇವೆ. ಬಾಯಿ ಮೊದಲಿನಷ್ಟು ಇನ್ನು ತೆರೆಯುವುದಿಲ್ಲ. ದಿನಾ ವ್ಯಾಯಾಮ ಮಾಡಿದರೆ ಇದ್ದಷ್ಟು ಉಳಿಯಬಹುದು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ನನ್ನ ಹತ್ತಿರ ಮಾಡಲು ಏನೂ ಇರುತ್ತಿರಲಿಲ್ಲ,” ಎಂದರು. ಎಲೆ, ಹೋಳು, ಹೊಗೆಸೊಪ್ಪು ಎಂದು ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಯಾವುದನ್ನೂ ಮುಟ್ಟಬಾರದು ಎಂದು ಚೀಟಿಯಲ್ಲಿ ಬರೆದರು. ಆ ಡಾಕ್ಟರು ನಮ್ಮ ಕಡೆಯವರೇ ಇರಬೇಕೆಂದು ಶಂಕರಿಗೆ ಅನಿಸಿತು.

ಹೊರಗೆ ಬಂದು ದಿನ ಗೊತ್ತು ಮಾಡಿಸಿಕೊಳ್ಳಲು ಬೆಂಚಿನಲ್ಲಿ ಕುಳಿತರು. ಭಟ್ಟರು ಎಲೆ ಬಿಟ್ಟು ಎಂಟು ದಿನವಾಗಿತ್ತು. ಕೈಗೆ ಕೆಲಸ ಇಲ್ಲದೆ ಚೀಟಿಯನ್ನೇ ಮಡಚುತ್ತಿದ್ದರು, ಬಿಡಿಸುತ್ತಿದ್ದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಒಬ್ಬರು ಬಂದರು. ಸೆಕೆಯ ದಿನವಾದರೂ ಹೆಗಲ ಬಟ್ಟೆ ಬೈರಾಸನ್ನು ಮೂಗಿನ ವರೆಗೆ ಸುತ್ತಿಕೊಂಡಿದ್ದರು. ಕಿಟಕಿಯಲ್ಲಿ ಹೆಸರು ಕೇಳಿದಾಗ ಬಗ್ಗಿ ಮೆಲ್ಲಗೆ ಹೇಳಿದರು. ಒಳಗಿದ್ದ ಹುಡುಗಿಗೆ ಕೇಳಲಿಲ್ಲ. “ಜೋರಾಗಿ ಹೇಳಿ, ಬಾಯಿ ತೆರೀಲಿಕ್ಕೆ ಆಗುದಿಲ್ವಾ?” ಎಂದಳು ಅವಳು.

“ಮುರಳಿಕೃಷ್ಣ,” ಎಂದರು ಅವರು.

ತಿರುಗಿದಾಗ ಬೆಂಚಿನಲ್ಲಿ ಗಂಡಹೆಂಡತಿ ಕಂಡರು. ಹಿಂದೆ ಹೋಗಲು ಮೆಟ್ಟಿಲು ದೂರ ಇತ್ತು. ಶಂಕರಿ ಚೀಲವನ್ನು ಮಡಿಲಿಗೆ ತೆಗೆದುಕೊಂಡು ಜಾಗ ಮಾಡಿಕೊಟ್ಟಳು. ಕೃಷ್ಣಮೋಹನ ಭಟ್ಟರು ಎರಡು ಬೆರಳಿನ ಬಾಯಿಯನ್ನು ಸಾಧ್ಯವಾದಷ್ಟು ತೆರೆದು, ಆ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು:

“ಬನ್ನಿ ಅಧ್ಯಕ್ಷರೇ, ಕೂತುಕೊಳ್ಳಿ. ಎಲೆಯ ತನಿಖೆಗೆ ಬಂದದ್ದಾ?”